ಬರಿದು ಮಾಡುವ ಬಗೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಕಟ್ಟುವುದಕ್ಕೆ ಹಿಡಿಯುವ ಕಾಲವನ್ನೂ ಕೆಡಹುವುದಕ್ಕೆ ಸಾಲುವ ಕಾಲವನ್ನೂ ಇಷ್ಟು ಚುಟುಕಾಗಿ ತೂಗಿ ತೋರಿಸುವ ಮಾತು ಇನ್ನೊಂದು ಸಿಗುವುದು ಕಷ್ಟ. ವೃತ್ತಿಯಿಂದ ಗಣಕಯಂತ್ರಗಳಿಗೆ ಪ್ರೋಗ್ರಾಂ ಬರೆಯುವವನಾದ ನನಗೆ ಇದು ದಿನನಿತ್ಯದ ಅನುಭವ. ಸಾವಿರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಡಬೇಕಾದರೆ ಯಂತ್ರವೂ ಒಂದಿಷ್ಟು ಬೆವರಬೇಕು. ಅವನ್ನೆಲ್ಲ ತೆಗೆದುಹಾಕಲು ಒಂದೇ ಸಾಲು ಸಾಕು. ಆ ಒಂದು ಸಾಲಿನ ವಿಷಯವನ್ನೇ ಈ ಸ್ಮರಣ ಸಂಚಿಕೆಗೆ ಬರೆಯುತ್ತೇನೆಂದಾಗ ಸಂಪಾದಕ ಮಿತ್ರರು ಹುಬ್ಬೇರಿಸಿದರು. ಸಮ್ಮೇಳನದ ಊಟದ ಸಾಲಿನಲ್ಲಿ ನಿಂತು ಇದನ್ನು ತಿರುವಿಹಾಕುವ ಪ್ರತಿನಿಧಿಗಳಲ್ಲಿ ನನ್ನ ವೃತ್ತಿಬಾಂಧವರು ಬಹಳ ಮಂದಿ ಇರುವರೆಂಬ ಧೈರ್ಯ ನನಗಿದೆ. ಉಳಿದವರ ಕ್ಷಮೆಯನ್ನು ಮೊದಲೇ ಕೋರಿ ಆರಂಭಿಸುತ್ತೇನೆ. ವಿಷಯ ಯಂತ್ರದ್ದೇ ಆದರೂ ಕೊನೆಗೆ ಅದು ಮನೆಯ ವಿಷಯವೇ ಆಗುತ್ತದೆ.

*

ನಾನು ಸ್ಯಾನ್ ಡಿಯೇಗೋ ನಗರಕ್ಕೆ ಬಂದಿಳಿದದ್ದು 1996ರಲ್ಲಿ. ಬಂದ ಮೂರನೆಯ ವಾರ ಲಾಸ್ ಏಂಜಲಿಸ್ ಕಡೆಯಿಂದ ಒಂದು ದೂರವಾಣಿ ಕರೆ ಬಂತು. ಆ ಧ್ವನಿ ತನ್ನ ಹೆಸರು ಹೇಳಿಕೊಳ್ಳುವ ಮೊದಲೇ, "ತಾವು ಕನ್ನಡದವರಂತೆ, ಯಾವೂರಾಯಿತು?" ಎಂದು ಕೇಳಿತು. ಮೈಸೂರು ಎಂದೆ. "ಮೈಸೂರಿನಲ್ಲಿ ಎಲ್ಲಿ?" ಕೃಷ್ಣಮೂರ್ತಿಪುರ ಎಂದೆ. "ಸರಿ, ಬರೆದುಕೊಂಡೆ. ಬರುವ ಭಾನುವಾರ ಊಟಕ್ಕೆ ಬನ್ನಿ" ಎಂದರು. ಬರೆದುಕೊಂಡೆ ಎಂದದ್ದೇಕೆ ಎಂಬುದು ಭಾನುವಾರ ತಿಳಿಯಿತು.

ಎರಡು ಊರುಗಳ ನಡುವೆ ಸುಮಾರು 120 ಮೈಲಿ. ಬಲಕ್ಕೆ ಸೈನ್ಯದ ಬೋಳುಗುಡ್ಡಗಳನ್ನೂ ಎಡಕ್ಕೆ ಶಾಂತಸಾಗರವನ್ನೂ ಇಟ್ಟುಕೊಂಡು ಐದನೆಯ ನಂಬರಿನ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ, ಸೆರಿಟೋಸ್‌ನಲ್ಲಿದ್ದ ಅವರ ಮನೆ ತಲುಪಿದೆ. ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಆರ್ಟೀಸಿಯಾದ ಪಯೊನೀರ್ ಬೀದಿ. ಹುರಿಗಡಲೆಯಿಂದ ಹಿಡಿದು ಕಂಚಿಯ ಸೀರೆಯವರೆಗೆ ಎಲ್ಲವೂ ಸಿಗುವ ಭಾರತೀಯರ ಪೇಟೆ. ಮನೆಯ ಯಜಮಾನರು 1969ರಲ್ಲಿ ಈ ದೇಶಕ್ಕೆ ಬಂದವರು. ಜೀವನವಿಡೀ ಪ್ರೋಗ್ರಾಂ ಬರೆದವರು. ಪಾಠ ಹೇಳುವ ಅವರ ಚಪಲದಿಂದಾಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಅವರ ಮನೆಯವರು ಎಲ್ಲರಿಗೂ ಅಮ್ಮ.

ಊಟವಾದ ಮೇಲೆ ಮೇಷ್ಟ್ರು ಒಂದು ಉದ್ದನೆಯ ಮರದ ಡ್ರಾಯರನ್ನು ಮೇಜಿನ ಮೇಲೆ ತಂದಿಟ್ಟರು. ಯಾವುದೋ ಗ್ರಂಥಾಲಯ ಬೇಡವೆಂದು ಮಾರಿದ್ದ ಸೂಚೀಪತ್ರದ ಡ್ರಾಯರು ಅದು. ಅದರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಒಂದೊಂದು ಕಾರ್ಡು. ಹೆಸರು, ಊರು, ದೂರವಾಣಿ, ಮಕ್ಕಳು. ಕೆಳಗೆ ಒಂದು ಸಾಲು ಷರಾ. "ಮೃದಂಗ ನುಡಿಸುತ್ತಾರೆ." "ಬಾಳೆ ಬೆಳೆದಿದ್ದಾರೆ, ಎಲೆ ಕೇಳಬಹುದು." "ಈರುಳ್ಳಿ ತಿನ್ನರು." ಎಲ್ಲವೂ ಕನ್ನಡದಲ್ಲಿ, ಎಲ್ಲವೂ ವರ್ಣಮಾಲೆಯ ಕ್ರಮದಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ಶಂಕರನೂ ಷಣ್ಮುಖನೂ ಸದಾಶಿವನೂ ಒಂದೇ ಅಕ್ಷರದಡಿ ತುರುಕಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಪ್ರತಿಯೊಬ್ಬನಿಗೂ ಅವನವನ ಮನೆ ಎನ್ನುತ್ತಿದ್ದರು. ನನ್ನ ಕಾರ್ಡು ಆಗಲೇ ತನ್ನ ಸ್ಥಾನದಲ್ಲಿ ಕುಳಿತಿತ್ತು. ಷರಾದ ಜಾಗ ಮಾತ್ರ ಖಾಲಿ.

ಕೆಲವು ಕಾರ್ಡುಗಳ ಮೂಲೆಯಲ್ಲಿ ಸಣ್ಣದೊಂದು ಕೆಂಪು ಚುಕ್ಕೆಯಿತ್ತು. ಅವರು ತೀರಿಕೊಂಡವರು. "ಮತ್ತೆ ತೆಗೆದುಬಿಡಬಹುದಲ್ಲ, ಮೇಷ್ಟ್ರೇ?" ಎಂದೆ. "ತೆಗೆದರೆ ಆಚೀಚೆಯವರು ಹತ್ತಿರ ಬಂದುಬಿಡುತ್ತಾರಪ್ಪಾ. ನಡುವೆ ಒಬ್ಬರಿದ್ದರು ಅನ್ನುವುದೇ ತಿಳಿಯುವುದಿಲ್ಲ" ಎಂದರು.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹೆಸರಿದೆ. ಅಂಶವನ್ನು ನಿಜಕ್ಕೂ ತೆಗೆಯದೆ, ತೆಗೆಯಲಾಗಿದೆ ಎಂಬ ಗುರುತನ್ನು ಮಾತ್ರ ಹಚ್ಚಿಡುವುದಕ್ಕೆ ಸಮಾಧಿಕಲ್ಲು ಎಂದೇ ಹೇಳುತ್ತಾರೆ. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ ಇದು ಹೊಸತೇನೂ ಅಲ್ಲ.

*

ಆ ಡ್ರಾಯರಿನ ಕಾರ್ಡುಗಳಿಂದಲೇ ಮೇಷ್ಟ್ರು ನನಗೆ ಮರಗಳ ಪಾಠ ಹೇಳಿದರು. ಕಾಲೇಜಿನಲ್ಲಿ ಓದಿದ್ದೆನಾದರೂ ಕಣ್ಣಿಗೆ ಕಂಡದ್ದು ಆ ಊಟದ ಮೇಜಿನ ಮೇಲೆಯೇ. ಕೈಗೆ ಬಂದ ಮೊದಲ ಕಾರ್ಡನ್ನು ಮೇಜಿನ ತುದಿಯಲ್ಲಿಟ್ಟರೆ ಅದೇ ಬೇರು. ಎರಡನೆಯದು ಅಕಾರಾದಿಯಲ್ಲಿ ಅದಕ್ಕಿಂತ ಮೊದಲಿನದಾದರೆ ಎಡಕ್ಕೆ, ನಂತರದ್ದಾದರೆ ಬಲಕ್ಕೆ. ಮುಂದೆ ಬರುವ ಪ್ರತಿಯೊಂದೂ ಬೇರಿನಿಂದ ಹೊರಟು, ಎಡವೋ ಬಲವೋ ಎಂದು ಕೇಳಿಕೊಂಡು, ಖಾಲಿ ಜಾಗ ಸಿಕ್ಕಲ್ಲಿ ನೆಲೆಗೊಳ್ಳುತ್ತದೆ. ಮರ ಹದವಾಗಿ ಬೆಳೆದಿದ್ದರೆ ಸಾವಿರ ಹೆಸರುಗಳ ನಡುವೆ ಒಂದನ್ನು ಹುಡುಕಲು ಹತ್ತು ಪ್ರಶ್ನೆ ಸಾಕು. ಹೆಸರುಗಳು ಮೊದಲೇ ಅಕಾರಾದಿಯಾಗಿ ಬಂದರೆ ಮಾತ್ರ ಎಲ್ಲವೂ ಬಲಕ್ಕೇ ಸೇರಿ, ಮರ ಹೋಗಿ ಪ್ರಸಾದದ ಸಾಲು ಆಗುತ್ತದೆ. ಆಗ ಸಾವಿರ ಪ್ರಶ್ನೆಯೂ ಬೇಕಾದೀತು.

ಸೇರಿಸುವುದು ಇಷ್ಟು ಸರಳ. ತೆಗೆಯುವುದು ಸರಳವಲ್ಲ, ಆ ಕಥೆಗೂ ಲಾಸ್ ಏಂಜಲಿಸ್ ಸೀಮೆಗೂ ನಂಟಿದೆ ಎಂದು ಮೇಷ್ಟ್ರಿಗೆ ಹೆಮ್ಮೆ. ರ‍್ಯಾಂಡ್ ಸಂಸ್ಥೆಯಿಂದ ಕವಲೊಡೆದು 1957ರಲ್ಲಿ ಸ್ವತಂತ್ರವಾದ ಸಿಸ್ಟಂ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ ಸಾಂಟಾ ಮೋನಿಕಾದಲ್ಲಿತ್ತು. ಸೋವಿಯತ್ ಬಾಂಬರುಗಳನ್ನು ಕಾದು ನೋಡುವ ಸೇಜ್ ಎಂಬ ವಾಯುರಕ್ಷಣಾ ಜಾಲಕ್ಕೆ ಅವರು ಪ್ರೋಗ್ರಾಂ ಬರೆಯುತ್ತಿದ್ದರು. ಅಲ್ಲಿದ್ದ ಥಾಮಸ್ ಹಿಬ್ಬರ್ಡ್ 1962ರ ಜನವರಿಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮರದಿಂದ ಒಂದು ಅಂಶವನ್ನು ಕ್ರಮ ಕೆಡದಂತೆ ತೆಗೆಯುವ ಬಗೆಯನ್ನು ವಿವರಿಸಿದರು. ಎಲೆಯಾಗಿದ್ದರೆ ಕಿತ್ತುಬಿಡಬಹುದು. ಒಂದೇ ಮಗುವಿದ್ದರೆ ಆ ಮಗು ತಂದೆಯ ಸ್ಥಾನಕ್ಕೆ ಬರುತ್ತದೆ. ಇಬ್ಬರು ಮಕ್ಕಳಿದ್ದರೆ, ಬಲಗಡೆಯ ಸಂತಾನದಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು, ಎಂದರೆ ಅಕಾರಾದಿಯಲ್ಲಿ ಮುಂದಿನ ಹೆಸರನ್ನು, ತಂದು ಖಾಲಿಯಾದ ಸ್ಥಾನದಲ್ಲಿ ಕೂರಿಸಬೇಕು.

ಈ ಉತ್ತರಾಧಿಕಾರದ ನಿಯಮದಿಂದ ಮರದ ಸಹಜ ಹದ ಕೆಡುವುದಿಲ್ಲವೆಂದು ಹತ್ತು ವರ್ಷಕ್ಕೂ ಮಿಕ್ಕು ಎಲ್ಲರೂ ನಂಬಿದ್ದರು. ಒಮ್ಮೆ ತೆಗೆದರೆ ಕೆಡುವುದಿಲ್ಲ ಎಂಬುದು ನಿಜ. ಆದರೆ ತೆಗೆದ ಮೇಲೆ ಮತ್ತೆ ಸೇರಿಸಿದರೆ ಹದ ತಪ್ಪುತ್ತದೆ ಎಂಬುದನ್ನು ಗ್ಯಾರಿ ನಾಟ್ 1975ರಲ್ಲಿ ಸ್ಟ್ಯಾನ್‌ಫೋರ್ಡ್‌ನ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಸದಾ ಬಲಗಡೆಯಿಂದಲೇ ಉತ್ತರಾಧಿಕಾರಿಯನ್ನು ತಂದರೆ, ಸೇರಿಸಿ ತೆಗೆದು ಸೇರಿಸಿ ತೆಗೆದು ಬಹುಕಾಲದ ಮೇಲೆ ಮರ ಎಡಕ್ಕೆ ವಾಲುತ್ತದೆ. ಆಶ್ಚರ್ಯವೆಂದರೆ, ಸಾಂಟಾ ಮೋನಿಕಾದ ಲೇಖನ ಬಂದ ಅದೇ 1962ರಲ್ಲಿಯೇ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಎಂಬುವರು, ಪ್ರತಿ ಸಲ ಸೇರಿಸಿದಾಗಲೂ ತಾನೇ ಸಮತೋಲ ಸರಿಪಡಿಸಿಕೊಳ್ಳುವ ಮರವನ್ನು ಪ್ರಕಟಿಸಿದ್ದರು. ಈ ತೀರದವರು ಆ ತೀರದ ವಿಮಾನಗಳಿಗೆ ಹೆದರಿ ಆಕಾಶ ನೋಡುತ್ತಿದ್ದಾಗ, ಎರಡೂ ಕಡೆಯವರು ಒಂದೇ ಮರಕ್ಕೆ ನೀರೆರೆಯುತ್ತಿದ್ದರು ಎಂದು ಮೇಷ್ಟ್ರು ನಗುತ್ತಿದ್ದರು.

*

ಇನ್ನು ಒಂದನ್ನಲ್ಲ, ಎಲ್ಲವನ್ನೂ ತೆಗೆಯುವ ಮಾತು. ಇದಕ್ಕೆ ಹಲವು ದಾರಿಗಳಿವೆ. ಒಂದೊಂದಕ್ಕೂ ಅದರದೇ ಅಪಾಯವಿದೆ.

ಮೊದಲನೆಯದು ಒಂದೊಂದಾಗಿ ತೆಗೆಯುವುದು. ಕ್ರಮವಾಗಿ ಜೋಡಿಸಿದ ಸಾಲಿನಲ್ಲಿ ಮುಂದಿನಿಂದ ತೆಗೆದರೆ, ಪ್ರತಿ ಸಲವೂ ಉಳಿದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯಬೇಕು. ಸಾವಿರ ಅಂಶಗಳಿದ್ದರೆ ಒಟ್ಟು 4,99,500 ಸರಿದಾಟ. ಹಿಂದಿನಿಂದ ತೆಗೆದರೆ ಒಬ್ಬರೂ ಸರಿಯಬೇಕಾಗಿಲ್ಲ. ಇದನ್ನು ಅರಿಯದೆ 2001ರಲ್ಲಿ ನಾನೊಂದು ಅನಾಹುತ ಮಾಡಿದೆ. ಆಗ ನಾನಿದ್ದ ಕಂಪನಿಯಲ್ಲಿ, ರದ್ದಾದ ಬೇಡಿಕೆಗಳನ್ನೆಲ್ಲ ದಿನದ ಕೊನೆಗೆ ಪಟ್ಟಿಯಿಂದ ತೆಗೆಯುವ ಪ್ರೋಗ್ರಾಂ ಬರೆದಿದ್ದೆ. ಮೊದಲ ಸ್ಥಾನದಲ್ಲಿದ್ದುದನ್ನು ತೆಗೆ, ಎರಡನೆಯ ಸ್ಥಾನಕ್ಕೆ ಹೋಗು, ಅಲ್ಲಿದ್ದುದನ್ನು ತೆಗೆ, ಹೀಗೆ. ಆದರೆ ಮೊದಲನೆಯವನು ಹೋದೊಡನೆ ಎರಡನೆಯವನು ಮೊದಲ ಸ್ಥಾನಕ್ಕೆ ಸರಿದಿರುತ್ತಾನೆ. ನಾನು ಎರಡನೆಯ ಸ್ಥಾನ ನೋಡುವಾಗ ಅಲ್ಲಿರುವವನು ಮೂರನೆಯವನು. ಹತ್ತರಲ್ಲಿ ಐದು ಉಳಿದೇ ಹೋದವು. ಮರುದಿನ ಬೆಳಿಗ್ಗೆ, ಬೇಡವೆಂದವರ ಮನೆಗಳಿಗೂ ಸರಕು ಹೊರಟಿತು. ಪರೀಕ್ಷಿಸದೆ ಬಿಟ್ಟ ತಪ್ಪು ಪೂರ್ತಿ ನನ್ನದು. ಆ ರಾತ್ರಿ ಮೇಷ್ಟ್ರಿಗೆ ದೂರವಾಣಿ ಮಾಡಿ ಗೋಳು ತೋಡಿಕೊಂಡಾಗ ಅವರು ಹೇಳಿದ್ದು ಇಷ್ಟೇ: "ಹಿಂದಿನಿಂದ ತೆಗೆಯಪ್ಪಾ. ತೆಗೆಯುವಾಗ ಉಳಿದವರು ಅಲುಗಾಡಬಾರದು."

ಮರವಾದರೆ ಎಲೆಯಿಂದ ಆರಂಭಿಸಬೇಕು. ಸಿ++ ಭಾಷೆಯ ವಿಂಗಡಿತ ಸಂಗ್ರಹವನ್ನು ಬರಿದು ಮಾಡುವಾಗ ಪ್ರತಿ ಅಂಶವನ್ನೂ ಮುಟ್ಟಿ ಅದರ ಜಾಗವನ್ನು ಬಿಡಿಸಲೇಬೇಕು. ಮಕ್ಕಳ ವಿಳಾಸ ಇರುವುದು ತಂದೆಯ ಕೈಯಲ್ಲಿ ಮಾತ್ರ. ಆ ವಿಳಾಸವನ್ನು ಕೇಳಿಟ್ಟುಕೊಳ್ಳದೆ ತಂದೆಯನ್ನು ಕಳುಹಿಸಿಬಿಟ್ಟರೆ ಮಕ್ಕಳು ಎಲ್ಲಿದ್ದಾರೆಂದು ಹೇಳುವವರೇ ಇಲ್ಲ. ಅವರು ಯಾರಿಗೂ ಸಿಗದೆ, ಯಾರಿಗೂ ಬೇಡವಾಗಿ, ಜಾಗ ಹಿಡಿದುಕೊಂಡು ಕುಳಿತಿರುತ್ತಾರೆ.

ಎರಡನೆಯ ದಾರಿ ಬೇರನ್ನೇ ಕಡಿಯುವುದು. 1998ರ ಡಿಸೆಂಬರಿನಲ್ಲಿ ಬಂದ ಜಾವಾ ಭಾಷೆಯ 1.2ನೆಯ ಆವೃತ್ತಿಯಲ್ಲಿ ಟ್ರೀಸೆಟ್ ಎಂಬ ವಿಂಗಡಿತ ಸಂಗ್ರಹ ಸೇರಿತು. ಅದಕ್ಕೆ ಬರಿದಾಗು ಎಂದರೆ ಅದು ಬೇರಿನ ವಿಳಾಸವನ್ನು ಮರೆತು, ಎಣಿಕೆಯನ್ನು ಸೊನ್ನೆ ಮಾಡಿಕೊಳ್ಳುತ್ತದೆ, ಅಷ್ಟೆ. ಹತ್ತು ಅಂಶಗಳಿರಲಿ, ಹತ್ತು ಲಕ್ಷವಿರಲಿ, ಕೆಲಸ ಒಂದೇ. ಉಳಿದ ಕಸವನ್ನು ಗುಡಿಸಲು ಬೇರೊಬ್ಬ ಜಾಡಮಾಲಿ ಹಿಂದೆ ಬರುತ್ತಾನೆ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ 1960ರಲ್ಲಿಯೇ ವಿವರಿಸಿದ್ದ ಉಪಾಯವಿದು. ಅವನ ನಿಯಮ ಮಾತ್ರ ಬಹಳ ಮಾನವೀಯವಾದದ್ದು. ಸಂಗ್ರಹದಿಂದ ಹೊರಬಿದ್ದ ಅಂಶದ ವಿಳಾಸ ಇನ್ನೂ ಬಳಕೆಯಲ್ಲಿರುವ ಯಾರ ಬಳಿಯಲ್ಲಾದರೂ ಇದ್ದರೆ ಅವನು ಅದನ್ನು ಮುಟ್ಟುವುದಿಲ್ಲ. ಯಾರೂ ತಲುಪಲಾರದ್ದು ಮಾತ್ರ ಕಸ.

ಮೂರನೆಯದು ನಮ್ಮ ಸ್ಯಾನ್ ಡಿಯೇಗೋದ್ದು. 1970ರ ದಶಕದಲ್ಲಿ ಇಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬೋಲ್ಸ್ ಎಂಬ ಪ್ರಾಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಸೇರಿ ಸಣ್ಣ ಯಂತ್ರಗಳಲ್ಲಿ ಓಡುವ ಪ್ಯಾಸ್ಕಲ್ ಭಾಷೆಯೊಂದನ್ನು ಸಿದ್ಧಪಡಿಸಿದರು. ಮುಂದೆ ಆಪಲ್ ಯಂತ್ರಕ್ಕೂ ಅದು ಬಂದು ಲೋಕಪ್ರಿಯವಾಯಿತು. ಅದರ ಮೊದಮೊದಲ ಆವೃತ್ತಿಗಳಲ್ಲಿ ಒಂದೊಂದೇ ಅಂಶದ ಜಾಗವನ್ನು ಬಿಡಿಸುವ ಅನುಕೂಲವಿರಲಿಲ್ಲ. ಬದಲಿಗೆ ಮಾರ್ಕ್ ಮತ್ತು ರಿಲೀಸ್ ಎಂಬ ಜೋಡಿಯಿತ್ತು. ಮಾರ್ಕ್ ಎಂದರೆ ನೆಲದ ಮೇಲೆ ಒಂದು ಗೆರೆ ಎಳೆದಂತೆ. ಆಮೇಲೆ ಎಷ್ಟು ಬೇಕಾದರೂ ಕಟ್ಟಿಕೊಳ್ಳಬಹುದು. ರಿಲೀಸ್ ಎಂದೊಡನೆ ಗೆರೆಯ ನಂತರ ಬಂದದ್ದೆಲ್ಲವೂ ಒಟ್ಟಿಗೆ ಇಲ್ಲವಾಗುತ್ತದೆ. ಬಹಳ ವೇಗ, ಬಹಳ ಚೊಕ್ಕಟ. ಆದರೆ ಗೆರೆಯಾಚೆ ಇದ್ದುದು ಮರಕ್ಕೆ ಸೇರಿದ್ದೋ, ನಡುವೆ ಅಪ್ಪಿತಪ್ಪಿ ಬಂದ ಬೇರೆ ಯಾವುದೋ ವಸ್ತುವೋ ಎಂದು ಅದು ಕೇಳುವುದಿಲ್ಲ.

ಬಹುಕಾಲ ನನಗೆ ಹೊಳೆಯದಿದ್ದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಒಂದನ್ನು ಸೇರಿಸಲು ಅದರ ಹೆಸರು ತಿಳಿದಿರಬೇಕು. ಹುಡುಕಲು ಹೆಸರು ಬೇಕು. ಒಂದನ್ನು ತೆಗೆಯುವುದಕ್ಕೂ ಹೆಸರು ಬೇಕು. ಒಳಗೆ ಕುಳಿತವರು ಹೆಸರನ್ನು ಬದಲಾಯಿಸಿಕೊಂಡರೆ ಅವರು ಅಲ್ಲಿಯೇ ಇದ್ದರೂ ಕೈಗೆ ಸಿಗುವುದಿಲ್ಲ. ನಮ್ಮ ಕೃಷ್ಣಮೂರ್ತಿಗಳು ಆಫೀಸಿನಲ್ಲಿ ಕ್ರಿಸ್ ಆದಾಗ ಮೇಷ್ಟ್ರ ಡ್ರಾಯರಿನಲ್ಲಿ ಆಗುತ್ತಿದ್ದ ಫಜೀತಿಯೂ ಇದೇ. ಆದರೆ ಎಲ್ಲವನ್ನೂ ಒಮ್ಮೆಗೇ ತೆಗೆದುಹಾಕಲು ಯಾರ ಹೆಸರೂ ತಿಳಿದಿರಬೇಕಾಗಿಲ್ಲ. ಅಷ್ಟು ಶ್ರಮಪಟ್ಟು ಕಾಪಾಡಿದ ಅಕಾರಾದಿ ಆ ಒಂದು ಸಾಲಿನಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ.

*

ಮೇಷ್ಟ್ರು 2018ರಲ್ಲಿ ತೀರಿಕೊಂಡರು. ಮರುವರ್ಷ ಬೇಸಿಗೆಯಲ್ಲಿ ಅಮ್ಮ ಸಿಯಾಟಲ್‌ನ ಮಗನ ಮನೆಗೆ ಹೊರಟು ನಿಂತರು. ಸೆರಿಟೋಸ್‌ನ ಮನೆ ಮಾರಾಟವಾಗಿತ್ತು. ಬೀಗದ ಕೈ ಒಪ್ಪಿಸಲು ಒಂದು ವಾರವಷ್ಟೇ ಉಳಿದಿತ್ತು. ಐವತ್ತು ವರ್ಷದ ಸಂಸಾರ. ರಜೆ ಹಾಕಿ ನಾನು ಹೋದೆ.

ಮಗ ಲಾರಿ ಕರೆಸಿ ಎಲ್ಲವನ್ನೂ ಒಟ್ಟಿಗೆ ಸಾಗಿಸಿಬಿಡೋಣ ಎಂದ. ಅವನ ಮೇಲೆ ತಪ್ಪು ಹೊರಿಸಲಾರೆ. ಅವನಿಗೆ ಇದ್ದುದು ನಾಲ್ಕು ದಿನದ ರಜೆ. ಅಮ್ಮ ಒಂದೊಂದಾಗಿ ನೋಡಿಯೇ ತೆಗೆಯಬೇಕು ಎಂದರು. ಒಂದೊಂದಾಗಿ ನೋಡಲು ಕುಳಿತರೆ ಪ್ರತಿ ಲೋಟಕ್ಕೂ ಒಂದು ಕಥೆ, ಪ್ರತಿ ಕಥೆಗೂ ಅರ್ಧ ಗಂಟೆ. ಒಂದು ವಸ್ತು ತೆಗೆದರೆ ಉಳಿದವೆಲ್ಲ ಅಲುಗಾಡಿ ಹೊಸದಾಗಿ ಕಣ್ಣಿಗೆ ಬೀಳುತ್ತಿದ್ದವು. ಮೊದಲ ದಿನ ಸಂಜೆಗೆ ಬರಿದಾದದ್ದು ಅಡುಗೆಮನೆಯ ಒಂದು ಕಪಾಟು ಮಾತ್ರ.

ಆಗ ನಾನು ಬುದ್ಧಿವಂತಿಕೆ ತೋರಿಸಿದೆ. ಕಾರಿನ ಕೊಟ್ಟಿಗೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಗೆರೆಯ ಎಡಕ್ಕೆ ಇಟ್ಟದ್ದು ಶನಿವಾರ ಲಾರಿಗೆ, ಬಲಕ್ಕೆ ಇಟ್ಟದ್ದು ಅಮ್ಮನ ಜೊತೆಗೆ. ಎಲ್ಲರಿಗೂ ಒಪ್ಪಿಗೆಯಾಯಿತು, ಕೆಲಸ ಸರಾಗವಾಗಿ ಸಾಗಿತು. ಗುರುವಾರ ರಾತ್ರಿ ಎಡಗಡೆಯ ರಾಶಿಯನ್ನು ನಾನೇ ಪೂರ್ತಿ ಪರೀಕ್ಷಿಸಿದೆ. ಶುಕ್ರವಾರ ಸಂಜೆ ಮಂಚವನ್ನು ಹೊರಗೆ ಸಾಗಿಸಲು ದಾರಿ ಬೇಕಾಗಿ, ನೆರವಿಗೆ ಬಂದವರಲ್ಲಿ ಯಾರೋ ಒಂದು ಹಳೆಯ ಸೂಟ್‌ಕೇಸನ್ನು ಬಲಗಡೆಯಿಂದ ಎತ್ತಿ ಎಡಕ್ಕಿಟ್ಟರು. ಶನಿವಾರ ಬೆಳಿಗ್ಗೆ ಲಾರಿ ಬಂದಾಗ ನಾನು ಮತ್ತೆ ನೋಡಲಿಲ್ಲ. ಗೆರೆಯ ಮೇಲೆ ನನಗಿದ್ದ ನಂಬಿಕೆ ಅಂಥದ್ದು. ಕಾಗದಕ್ಕೆ ಸಹಿ ಹಾಕಿ ಕಳುಹಿಸಿದೆ.

ಆ ಸೂಟ್‌ಕೇಸಿನಲ್ಲಿ ಮೇಷ್ಟ್ರ ತಾಯಿ 1969ರಿಂದ ತಾವು ಬದುಕಿರುವವರೆಗೂ ಊರಿನಿಂದ ಬರೆದ ಕಾಗದಗಳಿದ್ದವು. ತೆಳುವಾದ ನೀಲಿ ಏರೋಗ್ರಾಂಗಳು, ತಾರೀಖಿನ ಪ್ರಕಾರ ಜೋಡಿಸಿ, ವರ್ಷಕ್ಕೊಂದು ಕಟ್ಟಿನಂತೆ ದಾರದಲ್ಲಿ ಬಿಗಿದವು. ಮಧ್ಯಾಹ್ನ ಅಮ್ಮ ಕೇಳಿದಾಗಲೇ ನನಗೆ ತಿಳಿದದ್ದು. ಲಾರಿ ಸರಕು ಇಳಿಸುವ ಜಾಗಕ್ಕೆ ಓಡಿದೆ. ಅಲ್ಲಿದ್ದವನು ಬೆಟ್ಟದಂಥ ರಾಶಿಯನ್ನೂ ಅದನ್ನು ಅರೆಯುತ್ತಿದ್ದ ಯಂತ್ರವನ್ನೂ ತೋರಿಸಿ ಕೈಯಾಡಿಸಿದ.

ಹಿಂದಿರುಗಿ ಬಂದಾಗ ಅಮ್ಮ ಬರಿದಾದ ಹಜಾರದಲ್ಲಿ ಗೋಡೆಗೊರಗಿ ಕುಳಿತಿದ್ದರು. ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ, "ಒಂದು ಸಲ ಕೇಳಬಹುದಾಗಿತ್ತಲ್ಲ ನೀನು" ಎಂದರು. ಅಷ್ಟೇ. ಅದಕ್ಕಿಂತ ಭಾರವಾದ ಮಾತನ್ನು ನನಗೆ ಈವರೆಗೆ ಯಾರೂ ಆಡಿಲ್ಲ.

ಸಿಯಾಟಲ್‌ಗೆ ಹೋದ ಎರಡನೆಯ ವಾರ ಅಮ್ಮನೇ ದೂರವಾಣಿ ಮಾಡಿದರು. "ಕಾಗದ ಪೆನ್ನು ಇದೆಯಾ? ಬರೆದುಕೋ" ಎಂದರು. ಅತ್ತೆಯ ಕಾಗದ ಬಂದ ದಿನ ರಾತ್ರಿ ಊಟದ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದುತ್ತಿದ್ದವರು ಅವರೇ. ಉತ್ತರ ಬರೆಯುತ್ತಿದ್ದವರೂ ಅವರೇ. ಹಸು ಕರು ಹಾಕಿದ್ದು, ಬಾವಿ ಬತ್ತಿದ್ದು, ಮನೆಯ ಪಾಲಾದದ್ದು, ಮೊಮ್ಮಗನ ಜಾತಕರ್ಮಕ್ಕೆ ಬರಲಾಗದೆ ಅಲ್ಲಿಯೇ ದೇವರಿಗೆ ತುಪ್ಪದ ದೀಪ ಹಚ್ಚಿದ್ದು. ಭಾನುವಾರಕ್ಕೊಂದು ಕಾಗದದಂತೆ ಹೇಳಿದರು, ನಾನು ಬರೆದುಕೊಂಡೆ. ಇಪ್ಪತ್ತಮೂರು ಕಾಗದಗಳು ಹೀಗೆ ಸಿಕ್ಕವು. ಮಿಕ್ಕವು ಹೋದವು, ಅವು ಯಾರ ನೆನಪಿಗೂ ತಲುಪಲಿಲ್ಲ. ಇಪ್ಪತ್ತಮೂರನ್ನು ತೋರಿಸಿ ನನ್ನ ತಪ್ಪನ್ನು ಚಿಕ್ಕದು ಮಾಡಿಕೊಳ್ಳುವ ಇಚ್ಛೆ ನನಗಿಲ್ಲ.

*

ಡ್ರಾಯರು ಮಾತ್ರ ಬಲಗಡೆಯಲ್ಲಿಯೇ ಉಳಿದಿತ್ತು. ಸಿಯಾಟಲ್‌ಗೆ ಅದನ್ನು ಒಯ್ಯುವಂತಿರಲಿಲ್ಲ. ಅದರೊಳಗೆ 318 ಕಾರ್ಡುಗಳು. ಎಲ್ಲವನ್ನೂ ಗಣಕಯಂತ್ರಕ್ಕೇರಿಸಿ ಕಾರ್ಡುಗಳನ್ನು ಬಿಸಾಡೋಣವೆಂದು ಯಾರೋ ಸೂಚಿಸಿದರು. ಈ ಸಲ ನಾನು ಅಮ್ಮನನ್ನು ಕೇಳಿದೆ. ಅವರು, "ಬರಿದು ಮಾಡುವುದೇ ಆದರೆ ಹೆಸರು ಕೂಗಿ ಮಾಡು" ಎಂದರು.

ಆ ವರ್ಷದ ದೀಪಾವಳಿಗೆ ಅಮ್ಮ ಬಂದಿದ್ದರು. ಕೂಟ ಸೇರಿದ್ದ ಶಾಲೆಯ ಸಭಾಂಗಣದಲ್ಲಿ, ಊಟಕ್ಕೆ ಮುಂಚೆ, ಅಕಾರದಿಂದ ಆರಂಭಿಸಿ ಒಂದೊಂದೇ ಹೆಸರನ್ನು ಕೂಗಿದೆ. ಬಂದವರು ತಮ್ಮ ಕಾರ್ಡು ತೆಗೆದುಕೊಂಡರು. ಷರಾ ಓದಿ ನಕ್ಕರು. ಕೆಂಪು ಚುಕ್ಕೆಯ ಕಾರ್ಡುಗಳನ್ನು ಮಕ್ಕಳು ಬಂದು ತೆಗೆದುಕೊಂಡರು. ತಂದೆಯ ಕೈಬರಹವಲ್ಲದಿದ್ದರೂ ತಂದೆಯ ಹೆಸರನ್ನು ಕನ್ನಡದಲ್ಲಿ ಬರೆದದ್ದನ್ನು ಮೊದಲ ಸಲ ನೋಡಿದೆನೆಂದು ಒಬ್ಬ ಹುಡುಗಿ ಹೇಳಿದಳು. ಯಾರೂ ಬಾರದ ಹೆಸರಿಗೆ ಕೆಲವೊಮ್ಮೆ ಅಕಾರಾದಿಯ ಪಕ್ಕದ ಮನೆಯವರೇ ಎದ್ದು, "ನಮಗೆ ಕೊಡಿ, ಅವರನ್ನು ಬಲ್ಲೆವು" ಎಂದರು. ಯಂತ್ರವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಸಾರು ಆರಿತು, ಯಾರೂ ಗೊಣಗಲಿಲ್ಲ. 271 ಕಾರ್ಡುಗಳು ಕೈ ಸೇರಿದವು. 47 ಉಳಿದವು.

ಕೊನೆಯಲ್ಲಿ ಅಮ್ಮ ಕೇಳಿದರು: "ಅವರದೆಲ್ಲಿ?"

ಮೇಷ್ಟ್ರ ಅಕ್ಷರ ಬಂದುಹೋಗಿ ಬಹಳ ಹೊತ್ತಾಗಿತ್ತು. ಆಗ ನಾನು ಗಮನಿಸಿರಲಿಲ್ಲ. ಉಳಿದ ಕಾರ್ಡುಗಳನ್ನೆಲ್ಲ ತಿರುವಿದೆವು. ಎಲ್ಲಿಯೂ ಇರಲಿಲ್ಲ. ತಪ್ಪಿ ಬೇರೆಡೆ ಸೇರಿರಬಹುದೆಂದು ಒಯ್ದವರೂ ತಮ್ಮ ಕೈಯಲ್ಲಿದ್ದುದನ್ನು ನೋಡಿದರು. ಹೊಳೆ ದಾಟಿದ ಹತ್ತು ಜನ ದಡದಲ್ಲಿ ನಿಂತು ತಮ್ಮನ್ನು ಎಣಿಸಿ, ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿದ್ದರಿಂದ ಒಂಬತ್ತೇ ಆಗಿ ಅತ್ತ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಎಲ್ಲರಿಗೂ ಸ್ಥಾನ ಕೊಟ್ಟ ಮೇಷ್ಟ್ರು ತಮಗೊಂದು ಕಾರ್ಡು ಬರೆದುಕೊಂಡೇ ಇರಲಿಲ್ಲ.

ಡ್ರಾಯರಿನ ಹಿಂಭಾಗದಲ್ಲಿ ಖಾಲಿ ಕಾರ್ಡುಗಳ ಕಟ್ಟೊಂದಿತ್ತು. ಅಮ್ಮ ಒಂದನ್ನು ತೆಗೆದು ಹೆಸರು ಬರೆದರು, ಊರು ಬರೆದರು, ಆಗಲೇ ನಿಂತುಹೋಗಿದ್ದ ಸೆರಿಟೋಸ್‌ನ ದೂರವಾಣಿ ಸಂಖ್ಯೆಯನ್ನೂ ಬರೆದರು. ಷರಾದ ಸಾಲಿನಲ್ಲಿ ಸ್ವಲ್ಪ ತಡೆದು, "ಎಲ್ಲರನ್ನೂ ಬಲ್ಲರು" ಎಂದು ಬರೆದು ನನ್ನ ಕೈಗಿತ್ತರು. ಕೆಂಪು ಚುಕ್ಕೆಯನ್ನು ಇಡಬೇಕೆ ಎಂದು ನಾನು ಕೇಳಲಿಲ್ಲ, ಅವರೂ ಇಡಲಿಲ್ಲ.

ಈಗ ಆ ಡ್ರಾಯರು ಸ್ಯಾನ್ ಡಿಯೇಗೋದ ನನ್ನ ಮನೆಯಲ್ಲಿದೆ. ಕೆಲವು ಭಾಷೆಗಳಲ್ಲಿ ವಿಂಗಡಿತ ಪಟ್ಟಿಯನ್ನು ಬರಿದು ಮಾಡಿದರೂ ಅದರ ಹಿಡಿವಳಿ ಕುಗ್ಗುವುದಿಲ್ಲ. ಒಳಗೆ ಯಾರೂ ಇಲ್ಲದಿದ್ದರೂ ಮೊದಲಿನಷ್ಟೇ ಜನಕ್ಕೆ ಜಾಗವಿಟ್ಟುಕೊಂಡಿರುತ್ತದೆ. ಮೇಷ್ಟ್ರ ಡ್ರಾಯರೂ ಹಾಗೆಯೇ. 48 ಕಾರ್ಡುಗಳು ಒಂದು ಮೂಲೆಯಲ್ಲಿ ನಿಂತಿವೆ, ಮಿಕ್ಕದ್ದು ಖಾಲಿ.

ಪ್ರತಿನಿಧಿ ಮಿತ್ರರೇ, ತಮ್ಮ ಕೊರಳಲ್ಲಿ ತೂಗುತ್ತಿರುವ ಹೆಸರಿನ ಚೀಟಿಯೂ ಯಾವುದೋ ಯಂತ್ರದ ವಿಂಗಡಿತ ಪಟ್ಟಿಯಿಂದಲೇ ಬಂದದ್ದು. ಸಮ್ಮೇಳನ ಮುಗಿದ ಮೇಲೆ ಯಾವನೋ ಸ್ವಯಂಸೇವಕ ಒಂದು ಸಾಲು ಬರೆದು ಅದನ್ನು ಬರಿದು ಮಾಡುತ್ತಾನೆ. ಮಾಡಲೇಬೇಕು, ಎರಡು ವರ್ಷದ ಮೇಲೆ ಹೊಸ ಪಟ್ಟಿ ಬೇಕಲ್ಲ. ಅಷ್ಟರೊಳಗೆ ಆ ಪಟ್ಟಿಯಲ್ಲಿ ತಮ್ಮ ಹಿಂದಿನವರು ಯಾರು, ಮುಂದಿನವರು ಯಾರು ಎಂದು ಒಮ್ಮೆ ವಿಚಾರಿಸಿ, ಅವರ ಊರು ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಸೂಟ್‌ಕೇಸುಗಳಿದ್ದರೆ ಎತ್ತಿಡುವ ಮೊದಲು ತೆರೆದು ನೋಡಿ. ಕೇಳಬೇಕಾದವರು ಇನ್ನೂ ಇದ್ದರೆ, ಒಂದು ಸಲ ಕೇಳಿ.